ಕುಮಟಾದ ಗೇರುಬೀಜಕ್ಕೆ ಮುಂಬೈಯಿಂದ ಬಂದ ಎಕ್ಸೆಲ್ ಶೀಟ್

ಥರ್ಡ್ ಸೆಮ್ ಎಕ್ಸಾಮ್ ಮುಗಿಸಿ ಹೊನ್ನಾವರಕ್ಕೆ ಹೋಗಿ ಎರಡೇ ದಿನ ಆಗಿತ್ತು. ಬಾಕಿ ಇದ್ದ ನಿದ್ದೆ ಇನ್ನೂ ತೀರಿರಲಿಲ್ಲ, ಅಷ್ಟರಲ್ಲಿ ಕುಮಟಾದಿಂದ ದೊಡ್ಡಪ್ಪನ ಫೋನ್. "ತಂಗೀ, ನೀ ಇಂಜಿನಿಯರಿಂಗ್ ಓದೂದಲ್ವಾ? ಒಂದು ಎಕ್ಸೆಲ್ ಬಂದದೆ. ನಂಗೆ ಎಂತದೂ ಅರ್ಥ ಆಗ್ತಿಲ್ಲ. ನಾಳೆ ಬಸ್ ಹತ್ತಿ ಬಾ."

ನಾನು ಓದ್ತಿರೋದು ಎಲೆಕ್ಟ್ರಿಕಲ್. ಎಕ್ಸೆಲ್‌ಗೂ ನನಗೂ ಅಷ್ಟಕ್ಕಷ್ಟೇ. ಆದ್ರೆ ಮನೇಲಿ ಒಬ್ಬರು ಇಂಜಿನಿಯರಿಂಗ್ ಸೇರಿದ್ರೆ ಮಿಕ್ಸಿ ರಿಪೇರಿಯಿಂದ ಹಿಡಿದು ಎಲ್ಲ ಅವರ ತಲೆಗೇ ಅಂತ ನಿಮಗೂ ಗೊತ್ತು. ಹೋದೆ.

ದೊಡ್ಡಪ್ಪಂದು ಕುಮಟಾ ಹತ್ತಿರ ಒಂದು ಸಣ್ಣ ಗೇರುಬೀಜದ ಫ್ಯಾಕ್ಟರಿ. ಬೀಜ ಒಣಗಿಸೋದು, ಬಾಯ್ಲರ್ ಹಬೆಯಲ್ಲಿ ಬೇಯಿಸೋದು, ಕತ್ತರಿಸಿ ತಿರುಳು ತೆಗೆಯೋದು, ಬೋರ್ಮಾದಲ್ಲಿ ಮತ್ತೆ ಒಣಗಿಸಿ ಸಿಪ್ಪೆ ಬಿಡಿಸೋದು, ಗಾತ್ರ ನೋಡಿ ಬೇರೆ ಮಾಡೋದು, ಇಷ್ಟು ಕೆಲಸ. ತಿರುಳು ಹೋಗೋದು ಒಬ್ಬ ದೊಡ್ಡ ಸಪ್ಲೈಯರ್‌ಗೆ, ಅಲ್ಲಿಂದ ಒಂದು ದೊಡ್ಡ ಕಂಪನಿಗೆ. ಎಕ್ಸೆಲ್ ಬಂದಿದ್ದು ಆ ಕಂಪನಿಯ ಹೆಸರಲ್ಲಿ, ಮುಂಬೈ ಆಫೀಸಿನಿಂದ.

ಓಪನ್ ಮಾಡಿದ್ರೆ ಏಳು ಟ್ಯಾಬ್. ಸ್ಕೋಪ್ 1 ಎಷ್ಟು, ಸ್ಕೋಪ್ 2 ಎಷ್ಟು, ನೀರು ಎಷ್ಟು ಕಿಲೋಲೀಟರ್ ಎತ್ತಿದಿರಿ, ತ್ಯಾಜ್ಯ ಎಷ್ಟು ಟನ್, ಅದರಲ್ಲಿ ಮರುಬಳಕೆ ಎಷ್ಟು, ಒಟ್ಟು ಸಂಬಳದಲ್ಲಿ ಮಹಿಳೆಯರಿಗೆ ಹೋಗಿದ್ದು ಶೇಕಡಾ ಎಷ್ಟು, ಎಲ್‌ಟಿಐಎಫ್‌ಆರ್ ಎಷ್ಟು. ಕೆಳಗೆ ಕೆಂಪು ಅಕ್ಷರದಲ್ಲಿ, 15 ದಿನದೊಳಗೆ ತುಂಬಿ ಕಳಿಸಬೇಕು ಅಂತ. ದೊಡ್ಡಪ್ಪ ಬೀಜವನ್ನ ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಸಾಕು, ತೇವ ಎಷ್ಟಿದೆ ಅಂತ ಹೇಳುವ ಮನುಷ್ಯ. ಆ ಶೀಟ್ ಮುಂದೆ ಮಾತ್ರ ವೈವಾಗೆ ಬಂದ ಹುಡುಗನ ಹಾಗೆ ಕೂತಿದ್ರು.

ಮುಂದಿನ ಮೂರು ದಿನ ನಾವಿಬ್ಬರೂ ಸೇರಿ ಅದನ್ನ ತುಂಬಿಸಿದೆವು. ಈ ಲೇಖನ ಆ ಮೂರು ದಿನದ ಕಥೆ. ಪ್ಲೇಸ್‌ಮೆಂಟ್ ಸೆಷನ್‌ಗಳಲ್ಲಿ "ಇಎಸ್‌ಜಿ" ಅಂತ ಕೇಳಿ ಕೇಳಿ ನಾನೂ ತಲೆ ಆಡಿಸ್ತಿದ್ದೆ. ಅದು ಏನು ಅಂತ ಅರ್ಥ ಆಗಿದ್ದು ಬೀಜದ ಶೆಡ್ಡಲ್ಲಿ.

ಈ ಶೀಟ್ ಎಲ್ಲಿಂದ ಹುಟ್ಟಿತು

ನಮ್ಮ ದೇಶದಲ್ಲಿ ಶೇರು ಮಾರುಕಟ್ಟೆಗೆ ಯಜಮಾನ ಸೆಬಿ. ಲಿಸ್ಟೆಡ್ ಕಂಪನಿಗಳು ಲಾಭ ನಷ್ಟದ ಲೆಕ್ಕ ಕೊಟ್ಟ ಹಾಗೆ, ಪರಿಸರ, ಕಾರ್ಮಿಕರು, ಸಮಾಜ ಇವುಗಳ ಲೆಕ್ಕವನ್ನೂ ಕೊಡಬೇಕು ಅಂತ ಸೆಬಿ ಮೊದಲು ಹೇಳಿದ್ದು 2012ರಲ್ಲಿ, ಅದೂ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಿಗೆ ಮಾತ್ರ. ಆಗಿನ ವರದಿ ಹೆಚ್ಚುಕಮ್ಮಿ ಪ್ರಬಂಧ ಸ್ಪರ್ಧೆಯ ಹಾಗಿತ್ತು. "ನಾವು ಪರಿಸರವನ್ನು ಗೌರವಿಸುತ್ತೇವೆ" ಅಂತ ನಾಲ್ಕು ಸಾಲು, ಪಕ್ಕದಲ್ಲಿ ಸಸಿ ನೆಡುವ ಫೋಟೋ. ಆಮೇಲೆ ಪಟ್ಟಿ 500ಕ್ಕೆ, 1000ಕ್ಕೆ ಬೆಳೀತು. 2021ರ ಮೇ ತಿಂಗಳಲ್ಲಿ ಸೆಬಿ ಹಳೆಯದನ್ನ ತೆಗೆದು ಬಿಆರ್‌ಎಸ್‌ಆರ್ ಅನ್ನೋ ಹೊಸ ನಮೂನೆ ತಂತು. ಬಿಸಿನೆಸ್ ರೆಸ್ಪಾನ್ಸಿಬಿಲಿಟಿ ಆ್ಯಂಡ್ ಸಸ್ಟೇನಬಿಲಿಟಿ ರಿಪೋರ್ಟ್. 2022-23ರಿಂದ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಇದು ಕಡ್ಡಾಯ. ಇಲ್ಲಿ ಪ್ರಬಂಧಕ್ಕಿಂತ ಕೋಷ್ಟಕ ಜಾಸ್ತಿ, ಸಂಖ್ಯೆ ಬೇಕು.

ನಿಜವಾದ ತಿರುವು 2023ರ ಜುಲೈಯಲ್ಲಿ ಬಂದ ಬಿಆರ್‌ಎಸ್‌ಆರ್ ಕೋರ್. ಆ ದೊಡ್ಡ ನಮೂನೆಯೊಳಗಿಂದ ಒಂಬತ್ತು ವಿಷಯ ಆರಿಸಿ, ಇವುಗಳ ಸಂಖ್ಯೆಯನ್ನ ಹೊರಗಿನವರೊಬ್ಬರು ಪರಿಶೀಲಿಸಿ ಸಹಿ ಹಾಕಬೇಕು ಅಂತ ಸೆಬಿ ಹೇಳಿತು. 2023-24ಕ್ಕೆ ಮೊದಲ 150 ಕಂಪನಿ, ಆಮೇಲೆ 250, 500, 2026-27ಕ್ಕೆ ಎಲ್ಲ 1000.

ಈ ಪರಿಶೀಲನೆ ಯಾಕೆ ಮುಖ್ಯ ಅಂತ ನಮಗೆ ಯಾರೂ ಪಾಠ ಮಾಡೋದು ಬೇಡ. ಲ್ಯಾಬ್‌ನಲ್ಲಿ ನಾವೆಲ್ಲ ಮಾಡಿದ್ದೇ ಅಲ್ವಾ? ಗ್ರಾಫ್ ಮೊದಲು ಎಳೆದು, ಆಮೇಲೆ ಆ ಗೆರೆ ಮೇಲಿಂದ ರೀಡಿಂಗ್ ಇಳಿಸಿಕೊಳ್ಳೋದು. ಸರ್ ಪುಟ ತಿರುವಿ ಸಹಿ ಹಾಕಿದ್ರೆ ಮುಗೀತು. ಅದೇ ಸರ್ "ಮೀಟರ್ ತೋರಿಸು, ಈ ರೀಡಿಂಗ್ ಈಗ ನನ್ನೆದುರು ತೆಗಿ" ಅಂದ್ರೆ? ದೊಡ್ಡ ಕಂಪನಿಗಳಿಗೆ ಆಗಿದ್ದು ಅದು. ಮೊದಲು ಈ ವರದಿ ಬರೀತಿದ್ದದ್ದು ಪಬ್ಲಿಕ್ ರಿಲೇಷನ್ಸ್‌ನವರು. ಪರಿಶೀಲನೆ ಬಂದ ಮೇಲೆ ಅದು ಫೈನಾನ್ಸ್, ಪರ್ಚೇಸ್, ಫ್ಯಾಕ್ಟರಿಯ ಮೇಂಟೆನೆನ್ಸ್‌ನವರ ಮೇಜಿಗೂ ಬಂತು. ಬಾವಿಗೆ, ಬೋರ್‌ವೆಲ್‌ಗೆ ಮೀಟರ್ ಬೇಕು, ಡೀಸೆಲ್ ಬಿಲ್ ಸ್ಕ್ಯಾನ್ ಆಗಿರಬೇಕು, ಯಾವ ಸಂಖ್ಯೆ ಎಲ್ಲಿಂದ ಬಂತು ಅಂತ ತೋರಿಸೋಕೆ ದಾಖಲೆ ಬೇಕು.

ಇಷ್ಟು ಓದಿದ ಮೇಲೆ ನನಗೆ ಬಂದ ಡೌಟು: ದೊಡ್ಡಪ್ಪನ ಫ್ಯಾಕ್ಟರಿ ಲಿಸ್ಟೆಡ್ ಅಲ್ಲ, ಆಗೋದೂ ಇಲ್ಲ. ಅವರಿಗ್ಯಾಕೆ ಇದು?

ಉತ್ತರ ಇರೋದು "ವ್ಯಾಲ್ಯೂ ಚೈನ್" ಅನ್ನೋ ಪದದಲ್ಲಿ. ಒಂದು ಕಂಪನಿಯ ಹೊಗೆ ಅದರ ಗೇಟಿನೊಳಗೆ ಮಾತ್ರ ಇರಲ್ಲ. ಅದಕ್ಕೆ ಮಾಲು ಕೊಡುವವರ ಹತ್ರಾನೂ ಇರ್ತದೆ. ಹಾಗಾಗಿ ಮೊದಲ 250 ಕಂಪನಿಗಳು ತಮಗೆ ಮಾಲು ಕೊಡುವವರ, ತಮ್ಮಿಂದ ಮಾಲು ಕೊಳ್ಳುವವರ ಲೆಕ್ಕವನ್ನೂ ತರಬೇಕು ಅಂತ ಸೆಬಿ ಮೊದಲು ಯೋಚಿಸಿತ್ತು. ಕಂಪನಿಗಳು ಕಷ್ಟ ಅಂದವು. 2025ರ ಮಾರ್ಚ್ ಸುತ್ತೋಲೆಯಲ್ಲಿ ಸೆಬಿ ಸಡಿಲ ಮಾಡಿತು. ಈಗ ಇದು ಸ್ವಇಚ್ಛೆ, 2025-26ರಿಂದ. ಅದರಲ್ಲೂ ಕಂಪನಿಯ ಒಟ್ಟು ಖರೀದಿ ಅಥವಾ ಮಾರಾಟದಲ್ಲಿ ಒಬ್ಬರದೇ ಪಾಲು ಶೇ. 2 ಅಥವಾ ಮೇಲೆ ಇದ್ರೆ ಮಾತ್ರ ಅವರ ಲೆಕ್ಕ ಸೇರಿಸಬೇಕು.

ಶೇ. 2! ಸಾವಿರಾರು ಕೋಟಿ ಖರೀದಿ ಮಾಡುವ ಕಂಪನಿಯಲ್ಲಿ ಕುಮಟಾದ ಒಂದು ಶೆಡ್ಡಿನ ಪಾಲು ದಶಮಾಂಶ ಬಿಂದು ಆದಮೇಲೆ ಎಷ್ಟೋ ಸೊನ್ನೆ ಹಾಕಿದ ಮೇಲೆ ಬರ್ತದೆ. ಅಂದ್ರೆ ನಿಯಮದ ಪ್ರಕಾರ ಈ ಶೀಟ್ ದೊಡ್ಡಪ್ಪನಿಗೆ ಬರೋ ಅಗತ್ಯವೇ ಇರಲಿಲ್ಲ.

ಇದನ್ನ ಹೇಳಿದಾಗ ದೊಡ್ಡಪ್ಪನಿಗೆ ಖುಷಿ ಆಗ್ತದೆ ಅಂದ್ಕೊಂಡಿದ್ದೆ. ಅವರು ನಕ್ಕರು. "ನಿಯಮ ಇಲ್ಲ ಹೇಳಿ ನಾನು ಕೊಡದೇ ಹೋದ್ರೆ, ಅವರು ಆಚೆ ಫ್ಯಾಕ್ಟರಿಯವನ ಹತ್ರ ತಕೊಳ್ತ್ರು. ಅಷ್ಟೇ."

ಭಟ್ಕಳದವರಿಗೆ ಇದು ಹಳೇ ಕಥೆ

ಆ ದಿನ ಸಂಜೆ ಚಾಕ್ಕೆ ಭಟ್ಕಳದಿಂದ ದೊಡ್ಡಪ್ಪನ ಸ್ನೇಹಿತರೊಬ್ಬರು ಬಂದಿದ್ರು, ಮೀನಿನ ವ್ಯಾಪಾರದವರು. ಶೀಟ್ ನೋಡಿ "ಇದು ನಮಗೆ ಎಂದೋ ಬಂದಾಯ್ತು ಮಾರಾಯಾ" ಅಂದ್ರು. ಅವರು ಹೇಳಿದ್ದು ನಿಜ. ಕಂಪನಿಗಳಿಗೆ ಈಗ ಹೊಸತು ಅನಿಸೋದನ್ನ ಈ ದಕ್ಕೆಗಳು ಮೊದಲೇ ನೋಡಿವೆ.

2010ರ ಜನವರಿ 1ರಿಂದ ಯುರೋಪಿಗೆ ಸಮುದ್ರದ ಮೀನು ಕಳಿಸಬೇಕಾದ್ರೆ ಕ್ಯಾಚ್ ಸರ್ಟಿಫಿಕೇಟ್ ಬೇಕು. ಯಾವ ಬೋಟು, ಯಾವ ಜಾತಿಯ ಮೀನು, ಎಷ್ಟು ತೂಕ, ಎಲ್ಲಿ ಹಿಡಿದದ್ದು. ಕಳ್ಳ ಮೀನುಗಾರಿಕೆ ತಡೆಯೋದಕ್ಕೆ ಯುರೋಪು ಮಾಡಿದ ನಿಯಮ ಅದು. ನಮ್ಮಲ್ಲಿ ಅದನ್ನ ನೋಡಿಕೊಳ್ಳೋದು ಎಂಪಿಡಾ, ಅಂದ್ರೆ ಸಾಗರೋತ್ಪನ್ನ ರಫ್ತು ಪ್ರಾಧಿಕಾರ. ಅಲ್ಲಿವರೆಗೆ ಬಾಯಿಮಾತಲ್ಲಿ ನಡೀತಿದ್ದ ವ್ಯಾಪಾರಕ್ಕೆ ಬೋಟಿನ ನಂಬರು ಸೇರಿಕೊಂಡಿತು.

ಇನ್ನೊಂದು, ಆಮೆಯ ಕಥೆ. ನಮ್ಮ ಹೊನ್ನಾವರದ ಕಾಸರಕೋಡ ಟೊಂಕಾ ಕಡಲತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡೋಕೆ ಬರ್ತವೆ. ಸಿಗಡಿಗೆ ಹಾಕಿದ ಟ್ರಾಲ್ ಬಲೆಯಲ್ಲಿ ಆಮೆ ಸಿಕ್ಕಿದ್ರೆ ಅದು ಉಸಿರು ತೆಗೆದುಕೊಳ್ಳೋಕೆ ಮೇಲೆ ಬರಲಾಗದೆ ಸಾಯ್ತದೆ. ಇದಕ್ಕೆ ಪರಿಹಾರ ಪಕ್ಕಾ ಮೆಕ್ಯಾನಿಕಲ್: ಬಲೆಯ ಮಧ್ಯೆ ಓರೆಯಾಗಿ ಒಂದು ಲೋಹದ ಜಾಲರಿ ಕೂರಿಸಬೇಕು. ಸಣ್ಣ ಸಿಗಡಿ ಸಂದಿಯಲ್ಲಿ ಹಿಂದಕ್ಕೆ ಹೋಗ್ತದೆ, ದೊಡ್ಡ ಆಮೆ ಜಾಲರಿಗೆ ತಾಗಿ ಪಕ್ಕದ ಕಿಂಡಿಯಿಂದ ಹೊರಗೆ. ಟಿಇಡಿ ಅಂತಾರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವ ಮಾದರಿಯನ್ನೂ ಮಾಡಿದೆ. ಆದ್ರೆ ಕಿಂಡಿಯಿಂದ ಸ್ವಲ್ಪ ಸಿಗಡಿಯೂ ಹೋಗ್ತದೆ ಅಂತ ಬೋಟಿನವರು ಹಾಕಲಿಲ್ಲ. 2019ರಲ್ಲಿ ಅಮೆರಿಕ, ಭಾರತದ ಸಮುದ್ರದಲ್ಲಿ ಹಿಡಿದ ಸಿಗಡಿಯನ್ನ ತೆಗೆದುಕೊಳ್ಳೋದನ್ನೇ ನಿಲ್ಲಿಸಿತು. ಕೆರೆಯಲ್ಲಿ ಸಾಕಿದ ಸಿಗಡಿಗೆ ತೊಂದರೆ ಇಲ್ಲ, ಬೋಟಿನ ಸಿಗಡಿಗೆ ಮಾತ್ರ.

ಟಿಇಡಿ ವರದಿ ಅಲ್ಲ, ನಿಷೇಧದ ಕಥೆ ಅನ್ನಬಹುದು. ಆದ್ರೆ ಎರಡೂ ಕೆಲಸ ಮಾಡೋ ರೀತಿ ಒಂದೇ. ನಿಯಮ ಮಾಡಿದವರು ದೂರದಲ್ಲಿ ಇರ್ತಾರೆ, ಅದು ನಮ್ಮ ಬಾಗಿಲಿಗೆ ಬರೋದು ಮಾಲು ಕೊಳ್ಳುವವನ ಮೂಲಕ. ಆಫೀಸರ್ ಬಂದ್ರೆ ಏನಾದ್ರೂ ಹೇಳಿ ಕಳಿಸಬಹುದು, ಗಿರಾಕಿಗೆ ಹಾಗೆ ಮಾಡೋಕಾಗಲ್ಲ.

ಕರೆಂಟ್ ಬಿಲ್ಲಿನಿಂದ ಕಾರ್ಬನ್ ಲೆಕ್ಕ

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ನಿಜವಾದ ಸಂಖ್ಯೆ ಬರೆದ್ರೆ ದೊಡ್ಡಪ್ಪ ಬೈತಾರೆ, ಹಾಗಾಗಿ ಲೆಕ್ಕಕ್ಕೆ ಸುಲಭ ಆಗೋ ಸಂಖ್ಯೆ ಹಾಕ್ತೀನಿ. ವಿಧಾನ ಮಾತ್ರ ನಾವು ಮಾಡಿದ್ದೇ.

ಸ್ಕೋಪ್ 1 ಅಂದ್ರೆ ನಮ್ಮ ಜಾಗದಲ್ಲಿ ನಾವೇ ಸುಡೋದು. ಜನರೇಟರ್‌ಗೆ ತಿಂಗಳಿಗೆ 200 ಲೀಟರ್ ಡೀಸೆಲ್ ಅಂತ ಇಟ್ಕೊಳ್ಳಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕೆಜಿ ಕಾರ್ಬನ್ ಡೈಆಕ್ಸೈಡ್. ಒಂದು ಲೀಟರ್ ಡೀಸೆಲ್ಲಿನ ತೂಕವೇ ಒಂದು ಕೆಜಿಗಿಂತ ಕಮ್ಮಿ, ಹೊಗೆ ಹೇಗೆ ಎರಡೂವರೆ ಕೆಜಿ ದಾಟ್ತದೆ ಅಂತ ದೊಡ್ಡಪ್ಪ ಜಗಳಕ್ಕೇ ಬಂದ್ರು. ಇಂಗಾಲಕ್ಕೆ ಗಾಳಿಯ ಆಮ್ಲಜನಕ ಸೇರ್ತದೆ, ಆ ತೂಕ ಅದು. ಪಿಯುಸಿ ಕೆಮಿಸ್ಟ್ರಿ ಕೊನೆಗೂ ಉಪಯೋಗಕ್ಕೆ ಬಂತು. 200 × 2.68 = 536 ಕೆಜಿ.

ಸ್ಕೋಪ್ 2 ಅಂದ್ರೆ ಕೊಂಡ ವಿದ್ಯುತ್ತು. ಹೆಸ್ಕಾಂ ಬಿಲ್ ತಿಂಗಳಿಗೆ 4,000 ಯೂನಿಟ್ ಅಂದ್ಕೊಳ್ಳಿ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಒಂದು ಗುಣಕ ಪ್ರಕಟಿಸ್ತದೆ. 2023-24ಕ್ಕೆ ಅದು ಯೂನಿಟ್ಟಿಗೆ 0.727 ಕೆಜಿ. 4,000 × 0.727 = 2,908 ಕೆಜಿ.

ಇಲ್ಲಿ ದೊಡ್ಡಪ್ಪ ಕೇಳಿದ ಪ್ರಶ್ನೆಗೆ ನಾನು ಒಂದು ನಿಮಿಷ ಸುಮ್ಮನಾದೆ. "ನಮ್ಮ ಕರೆಂಟು ಶರಾವತಿದಲ್ವಾ ತಂಗೀ? ನೀರಿನ ಕರೆಂಟಿಗೆ ಹೊಗೆ ಎಲ್ಲಿಂದ?"

ಒಳ್ಳೇ ಪ್ರಶ್ನೆ. ಹೊನ್ನಾವರ ತಾಲೂಕಿನ ಗೇರುಸೊಪ್ಪದಲ್ಲಿ 60 ಮೆಗಾವಾಟಿನ ನಾಲ್ಕು ಯಂತ್ರಗಳು, ಒಟ್ಟು 240 ಮೆಗಾವಾಟ್. ಆದ್ರೂ ಗುಣಕ ಇಡೀ ದೇಶದ್ದು, ಯಾಕೆ? 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಗಿ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಸೇರಿತು. ಈಗ ಇಡೀ ಭಾರತ ಒಂದೇ ಫ್ರೀಕ್ವೆನ್ಸಿಯಲ್ಲಿ ತಿರುಗೋ ಒಂದೇ ಯಂತ್ರದ ಹಾಗೆ. ಗೇರುಸೊಪ್ಪದ ನೀರು, ರಾಯಚೂರಿನ ಕಲ್ಲಿದ್ದಲು ಎಲ್ಲ ಒಂದೇ ಕೊಳಕ್ಕೆ ಬಿದ್ದ ಮೇಲೆ, ಅಲ್ಲಿಂದ ಒಂದು ಚೊಂಬು ಎತ್ತಿಕೊಂಡು ಇದು ನಮ್ಮ ಹೊಳೇ ನೀರು ಅನ್ನೋಕಾಗಲ್ಲ. ಆದ್ರೆ ಶೆಡ್ಡಿನ ಮೇಲೆ ಸೋಲಾರ್ ಹಾಕಿ ಅಲ್ಲೇ ಬಳಸಿದ್ರೆ ಅಷ್ಟು ಯೂನಿಟ್ ಈ ಲೆಕ್ಕದಿಂದ ಇಳೀತದೆ. ಇದನ್ನ ಕೇಳಿದ್ದೇ ದೊಡ್ಡಪ್ಪ ಶೀಟಿನ ಮೇಲೆ ಮೊದಲ ಸಲ ಆಸಕ್ತಿ ತೋರಿಸಿದ್ದು. ಕಾರ್ಬನ್‌ಗಿಂತ ಬಿಲ್ಲು ಇಳೀತದೆ ಅನ್ನೋದು ಅವರಿಗೆ ಮುಖ್ಯ. ಇರ್ಲಿ, ಕೆಲಸ ಆದ್ರೆ ಸಾಕು.

ಒಟ್ಟು 3,444 ಕೆಜಿ. ಆ ತಿಂಗಳು 8 ಟನ್ ತಿರುಳು ಬಂದಿದ್ರೆ, ಟನ್ನಿಗೆ ಸುಮಾರು 430 ಕೆಜಿ. ಇದಕ್ಕೆ ಇಂಟೆನ್ಸಿಟಿ ಅಂತಾರೆ. ದೊಡ್ಡ ಫ್ಯಾಕ್ಟರಿ ಸಣ್ಣ ಫ್ಯಾಕ್ಟರಿ ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಇದ್ರಿಂದಲೇ. ಆಚೆ ಫ್ಯಾಕ್ಟರಿಯವರದ್ದು 380 ಬಂದ್ರೆ ಮುಂದಿನ ವರ್ಷ ಪರ್ಚೇಸ್‌ನವರು ಏನು ಕೇಳ್ತಾರೆ ಅಂತ ಊಹಿಸಬಹುದು.

ಬಾಯ್ಲರ್‌ಗೆ ಹಾಕೋದು ಬೀಜದ ಸಿಪ್ಪೆ. ಅದು ಗಿಡದಿಂದ ಬಂದದ್ದು, ಗಿಡ ಗಾಳಿಯಿಂದ ಎಳೆದ ಇಂಗಾಲವೇ ಮತ್ತೆ ಗಾಳಿಗೆ ಹೋಗ್ತದೆ ಅನ್ನೋ ಲೆಕ್ಕದಲ್ಲಿ ಅದರ ಕಾರ್ಬನ್ ಡೈಆಕ್ಸೈಡ್ ಸ್ಕೋಪ್ 1ರಲ್ಲಿ ಸೇರಲ್ಲ, ಬೇರೆಯಾಗಿ ಬರೀತಾರೆ. ಮಿಥೇನ್, ನೈಟ್ರಸ್ ಆಕ್ಸೈಡ್ ಸ್ವಲ್ಪ ಸೇರ್ತದೆ. ಹಾಗಾಗಿ ಶೀಟಿನಲ್ಲಿ ನಮ್ಮ ಬಾಯ್ಲರ್ ಹೆಚ್ಚುಕಮ್ಮಿ ಹಸಿರು. ಆದ್ರೆ ಆ ಸಿಪ್ಪೆ ಹೊಗೆ ಕುಡಿದವರಿಗೆ ಗೊತ್ತು ಅದು ಎಷ್ಟು ಹಸಿರು ಅಂತ! ಕಣ್ಣು ಉರಿ, ಗಂಟಲು ಉರಿ. ಬಿಆರ್‌ಎಸ್‌ಆರ್‌ನ ದೊಡ್ಡ ನಮೂನೆಯಲ್ಲಿ ಹೊಗೆಯ ಕಣಗಳಿಗೆ ಒಂದು ಸಾಲು ಇದೆ, ಆದ್ರೆ ಪರಿಶೀಲನೆಗೆ ಬರೋ ಕೋರ್ ಪಟ್ಟಿಯಲ್ಲಿ ಇಲ್ಲ. ದೆಹಲಿ ಲೆವೆಲ್ಲಿನ ಹವಾಮಾನ ಬದಲಾವಣೆ ಲೆಕ್ಕಕ್ಕೆ ಸಿಕ್ತು, ಪಕ್ಕದ ಮನೆಯ ಕೆಮ್ಮು ಸಿಗಲಿಲ್ಲ.

ನೀರಿನ ಟ್ಯಾಬ್ ಮಜಾ ಇತ್ತು. ಬಾವಿ ನೀರಿಗೆ ಮೀಟರ್ ಎಲ್ಲಿ? ಸಾವಿರ ಲೀಟರಿನ ಟ್ಯಾಂಕ್ ಖಾಲಿ ಮಾಡಿ, ಪಂಪ್ ಹಾಕಿ, ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತೆವು. 12 ನಿಮಿಷಕ್ಕೆ ತುಂಬಿತು ಅಂದ್ರೆ ಗಂಟೆಗೆ 5 ಕಿಲೋಲೀಟರ್. ದಿನಕ್ಕೆ ಎರಡು ಗಂಟೆ ಪಂಪ್ ಓಡಿದ್ರೆ 10. "ಅಂದಾಜು, ವಿಧಾನ ಹೀಗೆ" ಅಂತ ಷರಾ ಬರೆದೆವು. ಅಂದಾಜು ತಪ್ಪಲ್ಲ, ಅಂದಾಜನ್ನ ಅಳತೆ ಅಂತ ಹೇಳೋದು ತಪ್ಪು.

ಲೋಟದ ಲೆಕ್ಕ ಬರೀತಾ ಒಂದು ವಿಚಾರ ತಲೆಗೆ ಬಂತು. ಇದೇ ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕೆಪಿಸಿಎಲ್ ಹೊರಟಿದೆ. ಅದಕ್ಕೆ ಪರಿಸರ ಅನುಮತಿ, ಅರಣ್ಯ ಅನುಮತಿ ಅಂತ ಬೇರೆ ದಾರಿಗಳಿವೆ, ಸರಿ. ಆದ್ರೆ ಕೆಪಿಸಿಎಲ್ ರಾಜ್ಯ ಸರ್ಕಾರದ ಕಂಪನಿ, ಶೇರು ಮಾರುಕಟ್ಟೆಯಲ್ಲಿ ಇಲ್ಲ. ಹಾಗಾಗಿ ಬಿಆರ್‌ಎಸ್‌ಆರ್ ಅದಕ್ಕೆ ಅನ್ವಯಿಸಲ್ಲ. ಸೆಬಿಯ ಬಲೆ ಹೆಣೆದಿರೋದು ಹೂಡಿಕೆದಾರರಿಗಾಗಿ, ಹೊಳೆಗಾಗಿ ಅಲ್ಲ. ಈ ವರದಿಗಳನ್ನ ಓದುವಾಗ ಇದನ್ನ ಮರೀಬಾರದು.

ಸೊನ್ನೆ

ಮೂರನೇ ದಿನ ಎಲ್‌ಟಿಐಎಫ್‌ಆರ್ ಟ್ಯಾಬ್. ಕೆಲಸ ತಪ್ಪುವಷ್ಟು ಗಾಯ ಎಷ್ಟು ಆಯ್ತು ಅನ್ನೋದರ ಅಳತೆ. ಸೂತ್ರ ಸುಲಭ: ಅಂಥ ಗಾಯಗಳ ಸಂಖ್ಯೆಯನ್ನ 10 ಲಕ್ಷದಿಂದ ಗುಣಿಸಿ, ಎಲ್ಲರೂ ಸೇರಿ ಕೆಲಸ ಮಾಡಿದ ಒಟ್ಟು ಗಂಟೆಯಿಂದ ಭಾಗಿಸಬೇಕು.

"ಸೊನ್ನೆ ಹಾಕು" ಅಂದ್ರು ದೊಡ್ಡಪ್ಪ.

ನಾನು ಹಾಕೋಕೆ ಹೋದೆ. ಆದ್ರೆ ಹಿಂದಿನ ದಿನ ಮಧ್ಯಾಹ್ನ ಕತ್ತರಿಸುವ ಮೇಜಿನ ಅಕ್ಕಂದಿರ ಜೊತೆ ಕೂತು ಊಟ ಮಾಡಿದ್ದೆ. ಗೇರು ಸಿಪ್ಪೆಯೊಳಗೆ ಒಂದು ಎಣ್ಣೆ ಇರ್ತದೆ, ಚರ್ಮಕ್ಕೆ ತಾಗಿದ್ರೆ ಸುಡ್ತದೆ. ಅವರು ಕೈಗೆ ಎಣ್ಣೆ, ಬೂದಿ ಹಚ್ಚಿಕೊಂಡೇ ಕೂರ್ತಾರೆ. ಆದ್ರೂ ಬೆರಳ ತುದಿ ಎಲ್ಲರದ್ದೂ ಕಪ್ಪು. ಒಬ್ಬ ಅಕ್ಕನ ಹೆಬ್ಬೆರಳಿನ ಚರ್ಮ ಎದ್ದಿತ್ತು. "ಹೋದ ತಿಂಗಳು ಹೆಚ್ಚಾಗಿತ್ತು, ನಾಲ್ಕು ದಿನ ಬರ್ಲಿಲ್ಲ" ಅಂದಿದ್ರು, ಉಪ್ಪಿನಕಾಯಿ ಬಡಿಸ್ತಾ. ಅವರಿಗೆ ಕೂಲಿ ಕೆಜಿ ಲೆಕ್ಕದಲ್ಲಿ. ಬರದಿದ್ದ ದಿನಕ್ಕೆ ದುಡ್ಡಿಲ್ಲ, ಯಾಕೆ ಬರಲಿಲ್ಲ ಅಂತ ಬರೆಯೋಕೆ ಪುಸ್ತಕವೂ ಇಲ್ಲ.

ದೊಡ್ಡಪ್ಪನಿಗೆ ಹೇಳಿದೆ. ಅವರಿಗೆ ಸಿಟ್ಟು ಬಂತು. "ಅದೆಂತ ಗಾಯ? ಬೀಜದ ಕೆಲಸ ಅಂದ್ರೆ ಅಷ್ಟೇ ಅಲ್ವಾ. ಎಲ್ಲ ಕಡೆ ಹಾಗೇ."

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. 60 ಜನ, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂದ್ರೆ 1,44,000 ಗಂಟೆ. ಒಂದೇ ಒಂದು ಗಾಯ ಬರೆದ್ರೂ ಉತ್ತರ 6.94. ಈಗ 10,000 ಜನರ ಕಂಪನಿ ತಗೊಳ್ಳಿ: 2 ಕೋಟಿ 40 ಲಕ್ಷ ಗಂಟೆ. ಅಲ್ಲಿ 24 ಜನಕ್ಕೆ ಗಾಯ ಆದ್ರೂ ಉತ್ತರ ಬರೀ 1. ಅಂದ್ರೆ ಸಣ್ಣ ಶೆಡ್ಡು ಪ್ರಾಮಾಣಿಕವಾಗಿ ಒಂದು ಗಾಯ ಬರೆದ್ರೆ, ಎಕ್ಸೆಲ್‌ನಲ್ಲಿ ಅದು ದೊಡ್ಡ ಕಾರ್ಖಾನೆಗಿಂತ ಏಳು ಪಟ್ಟು ಅಪಾಯದ ಜಾಗ ಅಂತ ಕಾಣ್ತದೆ. ಸ್ಯಾಂಪಲ್ ಸಣ್ಣದಿದ್ರೆ ಸರಾಸರಿ ಹೇಗೆ ಕುಣೀತದೆ ಅಂತ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಓದಿದ್ದು ಇದೇ. ಸೊನ್ನೆ ಹಾಕಿದವನು ಸೇಫ್. ಈ ಅಳತೆಯೇ ಸುಳ್ಳು ಹೇಳೋಕೆ ದಾರಿ ಮಾಡಿಕೊಡ್ತದೆ, ದೊಡ್ಡಪ್ಪ ಒಬ್ಬರನ್ನೇ ಬೈದು ಏನು ಪ್ರಯೋಜನ?

ಆದ್ರೂ ಸೊನ್ನೆ ಟೈಪ್ ಮಾಡೋಕೆ ನನ್ನ ಕೈ ಬರಲಿಲ್ಲ. ಆ ಹೆಬ್ಬೆರಳು ನೆನಪಾಗ್ತಿತ್ತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಆ ಕೋಶದಲ್ಲಿ "ಈವರೆಗೆ ದಾಖಲೆ ಇಟ್ಟಿಲ್ಲ, ಈ ತಿಂಗಳಿಂದ ಆರಂಭ" ಅಂತ ಬರೆದೆವು. ಕಂಪನಿಯವರು ಇದಕ್ಕೆ ಏನಂತಾರೋ ಅಂತ ದೊಡ್ಡಪ್ಪನಿಗೆ ರಾತ್ರಿಯೆಲ್ಲ ಚಿಂತೆ.

ಪ್ರಶ್ನೆ ಅವರಿಗೂ ಕೇಳಬಹುದು

ಹೊರಡೋ ಮೊದಲು ನಾನು ಆ ಕಂಪನಿಯದ್ದೇ ಬಿಆರ್‌ಎಸ್‌ಆರ್ ಡೌನ್‌ಲೋಡ್ ಮಾಡಿದೆ. ಲಿಸ್ಟೆಡ್ ಕಂಪನಿಗಳ ವರದಿ ಅವರ ವೆಬ್‌ಸೈಟಿನಲ್ಲೂ ಎನ್‌ಎಸ್‌ಇ, ಬಿಎಸ್‌ಇ ಜಾಲತಾಣದಲ್ಲೂ ಸಿಗ್ತದೆ, ಯಾರು ಬೇಕಾದ್ರೂ ಓದಬಹುದು. ಅದರಲ್ಲಿ ಎರಡು ಸಾಲು ದೊಡ್ಡಪ್ಪನಿಗೆ ತೋರಿಸಿದೆ.

ಒಂದು, ಸಣ್ಣ ಉದ್ಯಮಗಳಿಂದ ನೇರವಾಗಿ ಕೊಂಡ ಕಚ್ಚಾಮಾಲು ಶೇಕಡಾ ಎಷ್ಟು ಅನ್ನೋದು. ಇದು ಕೋರ್ ಪಟ್ಟಿಯಲ್ಲೇ ಇದೆ. ಹಾಗೇ ಸಣ್ಣ ಊರುಗಳಲ್ಲಿ ಕೊಟ್ಟ ಸಂಬಳ ಒಟ್ಟು ಸಂಬಳದಲ್ಲಿ ಎಷ್ಟು ಅನ್ನೋದೂ ಇದೆ. ಆರ್‌ಬಿಐ ವರ್ಗೀಕರಣದಲ್ಲಿ 10 ಸಾವಿರದಿಂದ 1 ಲಕ್ಷದೊಳಗಿನ ಜನಸಂಖ್ಯೆಯ ಊರು ಅರೆ ನಗರ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಅದೇ. ಅಂದ್ರೆ ನಡುವಿನ ಸಪ್ಲೈಯರನ್ನ ಬಿಟ್ಟು ದೊಡ್ಡಪ್ಪನಂಥವರಿಂದ ನೇರ ಕೊಂಡ್ರೆ ಆ ಕಂಪನಿಯ ವರದಿಯೇ ಚೆಂದ ಕಾಣ್ತದೆ. ದೊಡ್ಡಪ್ಪ ಈ ಸಾಲನ್ನ ಎರಡು ಸಲ ಓದಿಸಿದ್ರು.

ಇನ್ನೊಂದು ಸಾಲು ಇನ್ನೂ ಚೆನ್ನಾಗಿದೆ. ಮಾಲು ಕೊಟ್ಟವರಿಗೆ ದುಡ್ಡು ಕೊಡೋಕೆ ಕಂಪನಿ ಸರಾಸರಿ ಎಷ್ಟು ದಿನ ತಗೊಳ್ತದೆ. ಕೊಡಬೇಕಾದ ಬಾಕಿಯನ್ನ 365ರಿಂದ ಗುಣಿಸಿ, ಖರೀದಿಯ ಮೊತ್ತದಿಂದ ಭಾಗಿಸಿದ್ರೆ ಬರೋ ಸಂಖ್ಯೆ. ಪರಿಸರದ ವರದಿಯಲ್ಲಿ ಇದೇನು ಅಂತ ಅನಿಸಬಹುದು, ಆದ್ರೆ ಕುಮಟಾದ ಶೆಡ್ಡಿಗೆ ಇದೇ ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ದುಡ್ಡು ತಡವಾದ್ರೆ ಕೂಲಿ ತಡ, ಕೈಗವಸು ಆಮೇಲೆ, ಸೋಲಾರ್ ಕನಸು. ಕಾನೂನು ಕೂಡ ಇದೆ: 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. 2023-24ರಿಂದ ಆದಾಯ ತೆರಿಗೆಯವರೂ ಇದಕ್ಕೆ ಹಲ್ಲು ಹಾಕಿದ್ದಾರೆ, ಗಡುವು ಮೀರಿದ ಬಾಕಿಯನ್ನ ದುಡ್ಡು ಕೊಡೋವರೆಗೆ ಖರ್ಚು ಅಂತ ತೋರಿಸೋಕಾಗಲ್ಲ.

ಇದರಲ್ಲೂ ಒಂದು ತೂತು ಇದೆ. ಆ ಸರಾಸರಿಯಲ್ಲಿ ದೊಡ್ಡ ಸಪ್ಲೈಯರ್ ಸಣ್ಣ ಸಪ್ಲೈಯರ್ ಎಲ್ಲ ಬೆರೆತಿರ್ತಾರೆ. ಒಬ್ಬನಿಗೆ 20 ದಿನಕ್ಕೆ, ಇನ್ನೊಬ್ಬನಿಗೆ 100 ದಿನಕ್ಕೆ ಕೊಟ್ಟು 60 ಅಂತ ಬರೆದ್ರೆ ನೂರು ದಿನ ಕಾದವನು ಕಾಣೋದೇ ಇಲ್ಲ. ದೊಡ್ಡಪ್ಪನ ವಿಷಯದಲ್ಲಿ ಇನ್ನೂ ಕಷ್ಟ, ಅವರಿಗೆ ದುಡ್ಡು ಕೊಡಬೇಕಾದವರು ನಡುವಿನ ಸಪ್ಲೈಯರ್. ಶೀಟ್ ಮುಂಬೈಯಿಂದ ಕುಮಟಾದವರೆಗೆ ನೇರ ಬಂತು, ದುಡ್ಡು ಮಾತ್ರ ಸುತ್ತಿಕೊಂಡು ಬರ್ತದೆ.

"ಹಾಗಾದ್ರೆ ನಾನೂ ಅವರಿಗೆ ಒಂದು ಎಕ್ಸೆಲ್ ಕಳಿಸಬಹುದಾ?" ಅಂತ ಕೇಳಿದ್ರು ದೊಡ್ಡಪ್ಪ. ಜೋಕ್ ಅಂದ್ಕೊಂಡೆ. ಅಲ್ಲ, ಸೀರಿಯಸ್ಸಾಗೇ ಕೇಳಿದ್ದು.

ಇಬ್ಬರೂ ಕೂತು ಒಂದು ಮೇಲ್ ಬರೆದೆವು. ನೀವು ಕೇಳಿದ ಮಾಹಿತಿ ಜೊತೆಗಿದೆ. ನಿಮ್ಮ ವರದಿಯಲ್ಲಿ ಪಾವತಿಯ ಸರಾಸರಿ ದಿನ ಇಷ್ಟು ಅಂತ ನೋಡಿದೆವು, ನಮಗೆ ಬರೋದು ಇಷ್ಟು ದಿನಕ್ಕೆ. ಕತ್ತರಿಸುವ 24 ಜನರಿಗೆ ಒಳ್ಳೇ ಕೈಗವಸು ಕೊಡಬೇಕು ಅಂತಿದ್ದೇವೆ, ಇದಕ್ಕೆ ನಿಮ್ಮ ಕಡೆಯಿಂದ ಏನಾದ್ರೂ ವ್ಯವಸ್ಥೆ ಇದೆಯಾ?

ಎಕ್ಸೆಲ್ ಶೀಟ್ ಹೋಯ್ತು. ಎರಡು ದಿನ ಬಿಟ್ಟು "ಸ್ವೀಕರಿಸಲಾಗಿದೆ, ಧನ್ಯವಾದ, ಇನ್ನು ಮೂರು ತಿಂಗಳಿಗೊಮ್ಮೆ ಕಳಿಸಿ" ಅಂತ ಉತ್ತರ ಬಂತು. ಎಲ್‌ಟಿಐಎಫ್‌ಆರ್ ಕೋಶದ ಬಗ್ಗೆ ಯಾರೂ ಏನೂ ಕೇಳಿಲ್ಲ. ಮೇಲ್ ಮಾತ್ರ ಇನ್ನೂ ದೊಡ್ಡಪ್ಪನ ಡ್ರಾಫ್ಟ್‌ನಲ್ಲೇ ಇದೆ. ಹಾಸ್ಟೆಲ್‌ನಿಂದ ಫೋನ್ ಮಾಡಿದಾಗೆಲ್ಲ ಕಳಿಸಿದ್ರಾ ಅಂತ ಕೇಳ್ತೀನಿ, "ಈ ಲೋಡಿನ ದುಡ್ಡು ಬರ್ಲಿ, ಆಮೇಲೆ" ಅಂತಾರೆ.

ಗಾಯದ ದಾಖಲೆಗೆ ಅಂತ ಪೇಟೆಯಿಂದ ಒಂದು ಉದ್ದ ಪುಸ್ತಕ ತಂದಿದ್ದಾರೆ. ಮೊನ್ನೆ ಆ ಅಕ್ಕನೇ ಫೋನ್ ತಗೊಂಡು ಹೇಳಿದ್ರು, ಪುಸ್ತಕದಲ್ಲಿ ಈವರೆಗೆ ಮೂರು ಹೆಸರು ಬರೆದಾಗಿದೆಯಂತೆ, ಎರಡನೇದು ಅವರದ್ದು.